ಜರ್ಮನ್ ವಿಭಾಗದ ತೆರೆದ ಬಾಗಿಲು



ವಿಶ್ವವಿದ್ಯಾನಿಲಯದಲ್ಲಿ ಒಂದು ಭಾಷೆಯ ವಿಭಾಗವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಸಾಮಾನ್ಯವಾಗಿ ಒಂದೇ. ಒಂದು ಕರಿಹಲಗೆ, ಅದರ ಮೇಲೆ ಕ್ರಿಯಾಪದದ ರೂಪಗಳು, ಎದುರಿಗೆ ಬೆಂಚುಗಳ ಸಾಲು, ವರ್ಷದ ಕೊನೆಗೆ ಒಂದು ಪರೀಕ್ಷೆ. ಈ ಚಿತ್ರ ಸುಳ್ಳೆಂದು ಹೇಳಲಾರೆ. ಆದರೆ ಅದೇ ವಿಭಾಗದ ಹೊರಗೆ, ಪಡಸಾಲೆಯ ಗೋಡೆಯ ಮೇಲೆ, ಇನ್ನೊಂದು ಹಲಗೆ ಇರುತ್ತದೆ. ಇಂಥ ದಿನ ಸಂಜೆ ಇಂಥ ಕವಿಗಳು ತಮ್ಮ ಕವಿತೆಗಳನ್ನು ಓದುವರು. ವಿದ್ಯಾರ್ಥಿಗಳು ಬ್ಯೂಖ್ನರನ ನಾಟಕವನ್ನು ಆಡುವರು. ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಉಪನ್ಯಾಸ ಮಾಡುವರು. ಎಲ್ಲರಿಗೂ ಸ್ವಾಗತ, ಪ್ರವೇಶಧನವಿಲ್ಲ ಎಂದು ಅದರ ಮೇಲೆ ಬರೆದಿರುತ್ತದೆ. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಇಂಥ ಹಲಗೆಯ ಮುಂದೆ ನಿಂತಿದ್ದ ಹುಡುಗನೊಬ್ಬನು ತನ್ನ ಉಪಾಧ್ಯಾಯರನ್ನು, “ಇದಕ್ಕೆ ಹಾಜರಿ ಹಾಕುತ್ತಾರೆಯೇ, ಸಾರ್?” ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಹಾಕುವುದಿಲ್ಲವೆಂದು ತಿಳಿದ ಮೇಲೆ ಅವನು ಸಮಾಧಾನದಿಂದ ಮನೆಗೆ ಹೋದನು.

ಆ ಹುಡುಗನ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಸುಲಭ. ಆದರೆ ಅದರ ಹಿಂದೆ ಒಂದು ನಿಜವಾದ ಸಂದೇಹ ಉಂಟು. ಈ ಸಭೆಗಳು, ಈ ಕವಿಗೋಷ್ಠಿಗಳು, ಈ ನಾಟಕಗಳು ವಿಭಾಗದ ಕೆಲಸವೇ, ಇಲ್ಲವೇ ಕೆಲಸ ಮುಗಿದ ಮೇಲಿನ ಅಲಂಕಾರವೇ? ಈ ಪ್ರಶ್ನೆಯನ್ನು ಜರ್ಮನ್ ಭಾಷೆಯ ತವರಿನಲ್ಲಿಯೇ, ಅಲ್ಲಿನ ವಿಶ್ವವಿದ್ಯಾನಿಲಯಗಳ ಜರ್ಮನ್ ವಿಭಾಗಗಳಲ್ಲಿ ನಡೆದ ಕೆಲವು ಸಭೆಗಳ ಮೂಲಕ ನೋಡಬೇಕೆಂಬುದು ನನ್ನ ಈ ದಿನದ ಉದ್ದೇಶ. ಆ ದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣ ಮುಂದೆ ತಾನಾಗಿಯೇ ತಿಳಿಯುವುದು. ಒಂದು ವಿಭಾಗ ತನ್ನ ಬಾಗಿಲನ್ನು ಊರಿಗೆ ತೆರೆದಾಗ ಎಷ್ಟು ಎತ್ತರಕ್ಕೆ ಏರಬಲ್ಲುದು, ಎಷ್ಟು ಆಳಕ್ಕೆ ಬೀಳಬಲ್ಲುದು ಎಂಬ ಎರಡನ್ನೂ ಆ ದೇಶ ಕಂಡಿದೆ.

ಮೊದಲು ಅಲ್ಲಿನ ಎರಡು ಸಣ್ಣ ಪದ್ಧತಿಗಳನ್ನು ಹೇಳಿಬಿಡುತ್ತೇನೆ. ಜರ್ಮನ್ ವಿಶ್ವವಿದ್ಯಾನಿಲಯಗಳಲ್ಲಿ ಉಪನ್ಯಾಸದ ಹೊತ್ತನ್ನು ಸೂಚಿಸುವಾಗ ಗಂಟೆಯ ಪಕ್ಕದಲ್ಲಿ ‘ಸಿ. ಟಿ.’ ಎಂಬ ಎರಡಕ್ಷರವನ್ನು ಬರೆಯುವುದುಂಟು. ‘ಕಾಲಾವಕಾಶದೊಡನೆ’ ಎಂಬರ್ಥದ ಲ್ಯಾಟಿನ್ ಮಾತಿನ ಸಂಕ್ಷೇಪ ಅದು. ಹತ್ತು ಗಂಟೆ ಸಿ. ಟಿ. ಎಂದರೆ ಹತ್ತೂಕಾಲಿಗೆ ಪ್ರಾರಂಭ ಎಂದು ತಿಳಿಯಬೇಕು. ಈ ಕಾಲು ಗಂಟೆಗೆ ‘ವಿದ್ವತ್ ಕಾಲುಗಂಟೆ’ ಎಂದೇ ಹೆಸರು. ನಮ್ಮಲ್ಲಿಯೂ ಸಭೆಗಳು ಕಾಲು ಗಂಟೆ ತಡವಾಗಿ ಪ್ರಾರಂಭವಾಗುವುದುಂಟು. ಆದರೆ ನಾವು ಅದಕ್ಕೆ ಲ್ಯಾಟಿನ್ ಹೆಸರಿಡುವ ಗೋಜಿಗೆ ಹೋಗಿಲ್ಲ. ಇನ್ನೊಂದು ಪದ್ಧತಿ, ಉಪನ್ಯಾಸ ಮುಗಿದಾಗ ಕೇಳುವವರು ಚಪ್ಪಾಳೆ ತಟ್ಟದೆ, ಬೆರಳ ಗೆಣ್ಣುಗಳಿಂದ ತಮ್ಮ ಮುಂದಿನ ಮೇಜನ್ನು ಕುಟ್ಟುವುದು. ನೂರಾರು ಜನ ಒಟ್ಟಿಗೆ ಕುಟ್ಟಿದಾಗ ಹೆಂಚಿನ ಮೇಲೆ ಮಳೆ ಸುರಿದಂಥ ಸದ್ದಾಗುತ್ತದೆ.

ಇನ್ನು ವಿಷಯಕ್ಕೆ ಬರೋಣ. ಜರ್ಮನ್ ಭಾಷೆಯನ್ನೂ ಸಾಹಿತ್ಯವನ್ನೂ ವಿಶ್ವವಿದ್ಯಾನಿಲಯದಲ್ಲಿ ಕಲಿಸುವುದು ಆ ದೇಶದಲ್ಲಿಯೂ ಬಹಳ ಹಳೆಯದಲ್ಲ. ಅಲ್ಲಿ ಶತಮಾನಗಳ ಕಾಲ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳೇ ವಿದ್ಯೆಯಾಗಿದ್ದುವು. ಮನೆಯಲ್ಲಿ ಆಡುವ ಮಾತಿಗೆ ಪೀಠವೇಕೆ ಎಂಬ ಭಾವನೆ ಅಲ್ಲಿಯೂ ಇದ್ದಿತು. 1810ರಲ್ಲಿ ಬರ್ಲಿನ್ನಿನ ಹೊಸ ವಿಶ್ವವಿದ್ಯಾನಿಲಯದಲ್ಲಿ ಫಾನ್ ಡೆರ್ ಹಾಗೆನ್ ಎಂಬ ವಿದ್ವಾಂಸರು ಈ ವಿಷಯಕ್ಕೆ ನೇಮಕವಾದದ್ದನ್ನು ಈ ಶಾಸ್ತ್ರದ ಆರಂಭವೆಂದು ಎಣಿಸುತ್ತಾರೆ. ಅದಕ್ಕೆಂದೇ ಗ್ರಂಥಾಲಯವೂ ಚರ್ಚಾಕೊಠಡಿಯೂ ಇರುವ ‘ಸೆಮಿನಾರ್’ ಎಂಬ ಏರ್ಪಾಡು ಮೊದಲು ಕಾಣಿಸಿಕೊಂಡದ್ದು 1858ರಲ್ಲಿ, ರೋಸ್ಟಾಕ್ ನಗರದಲ್ಲಿ. ಆದರೆ ಈ ಎರಡು ಇಸವಿಗಳ ನಡುವೆ, ಟ್ಯೂಬಿಂಗೆನ್ ಎಂಬ ಚಿಕ್ಕ ಊರಿನಲ್ಲಿ, ನನ್ನ ಮನಸ್ಸಿಗೆ ಬಹಳ ಪ್ರಿಯವಾದ ಒಂದು ಪ್ರಯೋಗ ನಡೆಯಿತು.

1829ರ ಕೊನೆಯಲ್ಲಿ ಅಲ್ಲಿ ಜರ್ಮನ್ ಭಾಷೆ ಮತ್ತು ಸಾಹಿತ್ಯದ ಪ್ರಾಧ್ಯಾಪಕರಾಗಿ ಬಂದವರು ಲುಡ್ವಿಗ್ ಊಲಾಂಟ್. ಅವರು ನಾಡಿನ ಮನೆಮಾತಾಗಿದ್ದ ಕವಿ. ಅವರ ಲಾವಣಿಗಳನ್ನು ಶಾಲೆಯ ಮಕ್ಕಳೂ ಬಲ್ಲವರಾಗಿದ್ದರು. ಪೀಠವೇರಿದ ಮೇಲೆ ಅವರು ಪ್ರಾಚೀನ ಕಾವ್ಯದ ಉಪನ್ಯಾಸಗಳ ಜೊತೆಗೆ ಇನ್ನೊಂದು ತರಗತಿಯನ್ನು ತೆರೆದರು. ಅದಕ್ಕೆ ‘ಸ್ಟಿಲಿಸ್ಟಿಕುಮ್’ ಎಂದು ಹೆಸರು; ‘ಶೈಲಿಯ ಅಭ್ಯಾಸ’ ಎನ್ನಬಹುದು. ಯಾವ ಶಾಖೆಯ ವಿದ್ಯಾರ್ಥಿಯೇ ಆಗಲಿ, ತಾನು ಬರೆದ ಕವಿತೆಯನ್ನೋ ಪ್ರಬಂಧವನ್ನೋ ತಂದೊಪ್ಪಿಸಬಹುದು. ಊಲಾಂಟರು ಅದನ್ನು ಸಭೆಯಲ್ಲಿ ಓದಿಸಿ, ಅದರ ಗುಣದೋಷಗಳನ್ನು ಎಲ್ಲರೆದುರು ಸಮಾಧಾನವಾಗಿ ವಿಚಾರಿಸುವರು. ಬರೆದವನು ಹೆಸರನ್ನು ಮರೆಮಾಡಿಕೊಳ್ಳುವುದಕ್ಕೂ ಅವಕಾಶವಿದ್ದಿತು. ಎಳೆಯ ಕವಿಗಳ ಸ್ವಭಾವವನ್ನು ಬಲ್ಲ ಮನಸ್ಸಿನ ಏರ್ಪಾಡು ಇದು ಎಂದು ಬೇರೆ ಹೇಳಬೇಕಾಗಿಲ್ಲ. ಸತ್ತ ಕವಿಗಳನ್ನು ಓದಿಸುವ ಕೋಣೆಯಲ್ಲಿ ಹುಟ್ಟುವ ಕವಿಗಳಿಗೂ ಒಂದು ಬೆಂಚನ್ನು ಹಾಕಿಕೊಟ್ಟಂತಾಯಿತು.

ಅದು ಹೆಚ್ಚು ಕಾಲ ನಡೆಯಲಿಲ್ಲ. ಊಲಾಂಟರು ವ್ಯೂರ್ಟೆಂಬರ್ಗ್ ಸಂಸ್ಥಾನದ ಶಾಸನಸಭೆಗೆ ಪ್ರತಿನಿಧಿಯಾಗಿ ಚುನಾಯಿತರಾದರು. ಸರಕಾರಕ್ಕೆ ಅವರ ಉದಾರ ರಾಜಕೀಯ ರುಚಿಸದು. ಪ್ರಾಧ್ಯಾಪಕರಿಗೆ ಸಭೆಗೆ ಹೋಗಲು ರಜೆ ಕೊಡುವುದಿಲ್ಲವೆಂದಿತು. ಊಲಾಂಟರು ರಜೆಯ ಅರ್ಜಿಯನ್ನು ಮತ್ತೆ ಬರೆಯಲಿಲ್ಲ. 1833ರಲ್ಲಿ ಪೀಠಕ್ಕೇ ರಾಜೀನಾಮೆ ಕೊಟ್ಟು ಹೊರಟುಹೋದರು.

ಇಂಥದೇ ಇನ್ನೊಂದು ಸಂಗತಿ ನಾಲ್ಕು ವರ್ಷಗಳ ಮೇಲೆ ಗಟ್ಟಿಂಗೆನ್ನಿನಲ್ಲಿ ನಡೆಯಿತು. 1837ರಲ್ಲಿ ಹಾನೋವರಿನ ಹೊಸ ದೊರೆ ಎರ್ನ್‌ಸ್ಟ್ ಆಗಸ್ಟನು ರಾಜ್ಯಾಂಗವನ್ನು ರದ್ದು ಮಾಡಿದನು. ನಾವು ಈ ರಾಜ್ಯಾಂಗದ ಮೇಲೆ ಪ್ರಮಾಣ ಮಾಡಿದವರು, ಆ ಪ್ರಮಾಣವನ್ನು ಮುರಿಯಲಾರೆವು ಎಂದು ಏಳು ಮಂದಿ ಪ್ರಾಧ್ಯಾಪಕರು ಬರೆದುಕೊಟ್ಟರು. ಏಳು ಮಂದಿಗೂ ಕೆಲಸ ಹೋಯಿತು. ಅವರಲ್ಲಿ ಮೂವರು ಮೂರು ದಿನಗಳೊಳಗೆ ಗಡಿಯಾಚೆಗೆ ಹೋಗಬೇಕೆಂದು ಆಜ್ಞೆಯಾಯಿತು. ಹಾಗೆ ಹೋದವರಲ್ಲಿ ಒಬ್ಬರು ಯಾಕೋಬ್ ಗ್ರಿಮ್. ತಮ್ಮನಾದ ವಿಲ್ಹೆಲ್ಮನೂ ಆ ಏಳರಲ್ಲಿ ಒಬ್ಬನು. ನಮ್ಮ ಮಕ್ಕಳಿಗೆ ಕಥೆ ಹೇಳುವ ಗ್ರಿಮ್ ಸಹೋದರರು ಇವರೇ. ಕೆಲಸವಿಲ್ಲದೆ ಕುಳಿತ ಈ ಅಣ್ಣತಮ್ಮಂದಿರು ಮರುವರ್ಷ ಜರ್ಮನ್ ಭಾಷೆಯ ಮಹಾನಿಘಂಟನ್ನು ಒಪ್ಪಿಕೊಂಡರು. ಅದರ ಮೊದಲನೆಯ ಸಂಪುಟ ಮುಗಿದದ್ದು 1854ರಲ್ಲಿ. ಕಡೆಯ ಭಾಗ ಮುಗಿದದ್ದು 1961ರಲ್ಲಿ! ಅಷ್ಟರಲ್ಲಿ ದೇಶವೇ ಎರಡಾಗಿತ್ತು. ಪೂರ್ವ ಬರ್ಲಿನ್ನಿನವರೂ ಗಟ್ಟಿಂಗೆನ್ನಿನವರೂ ಗಡಿಯ ಎರಡು ಕಡೆಗಳಲ್ಲಿ ಕುಳಿತು ಅದನ್ನು ಪೂರೈಸಿದರು.

ನಿಘಂಟಿನ ಮಾತು ಬಂದುದರಿಂದ ನಮ್ಮ ಮನೆಯ ಒಂದು ಸುದ್ದಿಯನ್ನು ಇಲ್ಲಿ ಹೇಳದಿರಲಾರೆ. ಗ್ರಿಮ್ಮರ ನಿಘಂಟು ಇನ್ನೂ ನಡುದಾರಿಯಲ್ಲಿರುವಾಗಲೇ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಇನ್ನೊಬ್ಬ ಜರ್ಮನರು ರಚಿಸಿದ ನಿಘಂಟು ಹೊರಬಂದಿತು. ಅವರು ಫರ್ಡಿನಂಡ್ ಕಿಟ್ಟೆಲ್. ನಿಘಂಟು ನಮ್ಮ ಕನ್ನಡದ್ದು. ಆ ಕಾರ್ಯಕ್ಕಾಗಿ 1896ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತುದು ಊಲಾಂಟರು ಬಿಟ್ಟುಹೋಗಿದ್ದ ಅದೇ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ. ಕಿಟ್ಟೆಲರು ತಮ್ಮ ಕಡೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದೂ ಆ ಊರಿನಲ್ಲಿಯೇ.

ಮತ್ತೆ ಗ್ರಿಮ್ಮರ ಕಡೆಗೆ. 1846ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಪುರಭವನದಲ್ಲಿ, ಹಳೆಯ ಚಕ್ರವರ್ತಿಗಳ ಚಿತ್ರಪಟಗಳಿರುವ ದೊಡ್ಡ ಸಭಾಮಂದಿರದಲ್ಲಿ, ಒಂದು ವಿದ್ವತ್ಸಭೆ ಸೇರಿತು. ‘ಜರ್ಮನಿಸ್ಟರು’ ಎಂಬ ಮಾತು ಅದುವರೆಗೆ ಜರ್ಮನ್ ನ್ಯಾಯಶಾಸ್ತ್ರವನ್ನು ಓದಿದ ವಕೀಲ ಪಂಡಿತರಿಗೆ ಸಲ್ಲುತ್ತಿದ್ದಿತು. ಈ ಸಭೆಯಲ್ಲಿ ಅವರೂ, ಚರಿತ್ರಕಾರರೂ, ಭಾಷಾಶಾಸ್ತ್ರಜ್ಞರೂ ಒಟ್ಟಿಗೆ ಕುಳಿತು ಆ ಹೆಸರನ್ನು ಮೂವರೂ ಹಂಚಿಕೊಂಡರು. ಊಲಾಂಟರ ಸೂಚನೆಯ ಮೇಲೆ ಗ್ರಿಮ್ಮರು ಅಧ್ಯಕ್ಷರಾದರು. ಒಂದು ಜನಾಂಗವೆಂದರೇನು ಎಂದು ಕೇಳಿ, ಒಂದೇ ಭಾಷೆಯನ್ನಾಡುವವರ ಸಮೂಹವೇ ಜನಾಂಗವೆಂದು ಅವರು ಉತ್ತರ ಹೇಳಿದರು. ಮೂವತ್ತೆಂಟು ಮೂವತ್ತೊಂಬತ್ತು ಸಂಸ್ಥಾನಗಳಾಗಿ ಒಡೆದುಹೋಗಿದ್ದ ನಾಡಿನಲ್ಲಿ ಆ ಮಾತು ಅಮೃತದಂತೆ ಕೇಳಿಸಿರಬೇಕು. ಕರ್ಣಾಟಕದ ಏಕೀಕರಣಕ್ಕಾಗಿ ಹಂಬಲಿಸಿದ ಹಿರಿಯರ ನೆನಪಿರುವ ನಮಗೆ ಅದರ ಸವಿ ತಿಳಿಯದೆ ಇಲ್ಲ. ಆದರೆ ಅದೇ ಮಾತಿನಲ್ಲಿ ಒಂದು ಮುಳ್ಳೂ ಇದ್ದಿತು. ಭಾಷೆಯೇ ಜನಾಂಗವಾದರೆ ಭಾಷೆಯ ಪಂಡಿತನೇ ಜನಾಂಗದ ಪುರೋಹಿತನಾಗುತ್ತಾನೆ; ಯಾರು ಒಳಗಿನವರು, ಯಾರು ಹೊರಗಿನವರು ಎಂದು ತೀರ್ಪು ಹೇಳುವ ಅಧಿಕಾರ ತನಗುಂಟೆಂದು ಅವನಿಗೆ ತೋರಿಬಿಡಬಹುದು. ಗ್ರಿಮ್ಮರಿಗೆ ಅದು ತೋರಲಿಲ್ಲ. ಅವರ ತರುವಾಯದವರಲ್ಲಿ ಹಲವರಿಗೆ ತೋರಿತು.

1933ನೆಯ ಮೇ ತಿಂಗಳ 10ನೆಯ ತಾರೀಖು ರಾತ್ರಿ ಜರ್ಮನಿಯ ಹಲವು ವಿಶ್ವವಿದ್ಯಾನಿಲಯದ ಊರುಗಳಲ್ಲಿ ವಿದ್ಯಾರ್ಥಿಗಳ ಸಂಘದವರು ಪುಸ್ತಕಗಳನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟರು. ಇದು ಎಲ್ಲರೂ ಬಲ್ಲ ವಿಷಯ. ಬೀದಿಯ ಪುಂಡರು ಮಾಡಿದ ಕೆಲಸವೆಂದು ನಾವು ಸಾಮಾನ್ಯವಾಗಿ ಎಣಿಸಿಬಿಡುತ್ತೇವೆ. ಹಾಗಲ್ಲ. ಅದು ವಿಶ್ವವಿದ್ಯಾನಿಲಯದ ಸಮಾರಂಭ. ಬಾನ್ ನಗರದ ಮಾರುಕಟ್ಟೆಯ ಚೌಕದಲ್ಲಿ ಆ ರಾತ್ರಿ ಮಾತನಾಡಿದವರಲ್ಲಿ ಹಾನ್ಸ್ ನೌಮನ್ ಒಬ್ಬರು. ಅಲ್ಲಿಯ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರು. ಗಟ್ಟಿಂಗೆನ್ನಿನಲ್ಲಿ, ಗ್ರಿಮ್ ಸಹೋದರರ ಗಟ್ಟಿಂಗೆನ್ನಿನಲ್ಲಿ, ಮಾತನಾಡಿದವರು ಗೆರ್‌ಹಾರ್ಟ್ ಫ್ರಿಕೆ. ಅವರೂ ಜರ್ಮನ್ ಸಾಹಿತ್ಯವನ್ನು ಕಲಿಸುವವರೇ. ಬರ್ಲಿನ್ನಿನ ಬೆಂಕಿಯ ಮುಂದೆ ನಿಂತು ಮಾತನಾಡಿದ ಮಂತ್ರಿ ಗೋಬೆಲ್ಸನು ಕೂಡ ಹೈಡೆಲ್‌ಬರ್ಗಿನಲ್ಲಿ ಜರ್ಮನ್ ಸಾಹಿತ್ಯದ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದವನು. ಅವನ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು ಯೆಹೂದ್ಯ ಮೂಲದವರು. ಬರ್ಲಿನ್ನಿನ ಜನಸಂದಣಿಯಲ್ಲಿ ನಿಂತು ತನ್ನ ಪುಸ್ತಕಗಳು ಉರಿಯುವುದನ್ನು ತಾನೇ ಕಣ್ಣಾರೆ ನೋಡಿದ ಲೇಖಕನೊಬ್ಬನಿದ್ದನು: ಎರಿಖ್ ಕೆಸ್ಟ್ನರ್. ಮಕ್ಕಳ ಕಥೆಗಳಿಂದ ಪ್ರಸಿದ್ಧನಾದವನು.

ಸಭೆಯೆಂಬುದು ತಾನೇ ಒಳ್ಳೆಯದೆಂದು ಭಾವಿಸಿ ಈ ಉಪನ್ಯಾಸವನ್ನು ಕೇಳುತ್ತಿರುವವರಿದ್ದರೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಿಭಾಗದ ಬಾಗಿಲು ತೆರೆದಾಗ ಒಳಗಿನ ವಿದ್ಯೆ ಹೊರಕ್ಕೆ ಹೋಗುವಂತೆ ಹೊರಗಿನ ಗಾಳಿಯೂ ಒಳಕ್ಕೆ ಬರುತ್ತದೆ. ವ್ಯಾಕರಣದ ಪಾಠವನ್ನು ಯಾವ ಸರಕಾರದ ಕೆಳಗಾದರೂ ನಡೆಸಬಹುದು. ಕ್ರಿಯಾಪದ ಯಾರನ್ನೂ ಹೆದರಿಸುವುದಿಲ್ಲ. ಯಾರನ್ನು ಸಭೆಗೆ ಕರೆಯಬೇಕು, ಯಾರಿಗೆ ಮಾಲೆ ಹಾಕಬೇಕು ಎಂಬಲ್ಲಿ ವಿಭಾಗದ ನಿಜವಾದ ಮುಖ ಕಾಣುತ್ತದೆ.

ಬಾನ್ ವಿಶ್ವವಿದ್ಯಾನಿಲಯದ್ದೇ ಇನ್ನೊಂದು ನಿದರ್ಶನ. 1919ರಲ್ಲಿ ಅದು ಟಾಮಸ್ ಮನ್ ಎಂಬ ಕಾದಂಬರಿಕಾರರಿಗೆ ಗೌರವ ಡಾಕ್ಟರ್ ಪದವಿ ಕೊಟ್ಟಿತ್ತು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1936ರ ಡಿಸೆಂಬರಿನಲ್ಲಿ ಸರಕಾರವು ದೇಶ ಬಿಟ್ಟು ಹೋಗಿದ್ದ ಅವರ ಪೌರತ್ವವನ್ನು ಕಿತ್ತುಕೊಂಡಿತು. ಅದೇ ತಿಂಗಳು ವಿಶ್ವವಿದ್ಯಾನಿಲಯವು ತಾನು ಕೊಟ್ಟ ಪದವಿಯನ್ನು ಹಿಂದಕ್ಕೆ ತೆಗೆದುಕೊಂಡಿತೆಂದು ಶಾಖಾಧಿಪತಿಗಳು ಅವರಿಗೆ ಕೆಲವೇ ಸಾಲುಗಳಲ್ಲಿ ತಿಳಿಸಿದರು. ಮನ್ ಅವರು ಸ್ವಿಟ್ಸರ್ಲೆಂಡಿನಿಂದ ಬರೆದ ಉತ್ತರ ದೀರ್ಘವಾಗಿತ್ತು. ಅದು 1937ರಲ್ಲಿ ಚಿಕ್ಕ ಹೊತ್ತಗೆಯಾಗಿ ಅಚ್ಚಾಗಿ, ಹಲವು ಭಾಷೆಗಳಿಗೆ ಹೋಗಿ, ಕದ್ದುಮುಚ್ಚಿ ಜರ್ಮನಿಯೊಳಕ್ಕೂ ಹೊಕ್ಕಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಾನ್ ವಿಶ್ವವಿದ್ಯಾನಿಲಯ ಪದವಿಯನ್ನು ಮತ್ತೆ ಅರ್ಪಿಸಿತು. ಮನ್ ಅವರು ಸ್ವೀಕರಿಸಿದರು.

ಯುದ್ಧಾನಂತರದ ಸಭೆಗಳಲ್ಲಿ ಒಂದನ್ನು ಮರೆಯುವಂತಿಲ್ಲ. 1949 ಗಯಟೆ ಮಹಾಕವಿಯು ಹುಟ್ಟಿದ ಇನ್ನೂರನೆಯ ವರ್ಷ. ಪಟ್ಟಣಗಳು ಇನ್ನೂ ಇಟ್ಟಿಗೆಯ ರಾಶಿಗಳಾಗಿದ್ದರೂ ಎಲ್ಲೆಲ್ಲಿಯೂ ಉತ್ಸವ, ಎಲ್ಲೆಲ್ಲಿಯೂ ಭಾಷಣ. ಕಲೋನ್ ವಿಶ್ವವಿದ್ಯಾನಿಲಯದಲ್ಲಿ ಆಗ ರಿಚರ್ಡ್ ಅಲೆವಿನ್ ಎಂಬವರು ಜರ್ಮನ್ ಪ್ರಾಧ್ಯಾಪಕರು. 1933ರಲ್ಲಿ ಹೈಡೆಲ್‌ಬರ್ಗಿನ ಪೀಠದಿಂದ ವಂಶದ ನೆಪದಲ್ಲಿ ಹೊರದೂಡಲ್ಪಟ್ಟು, ದೇಶದೇಶ ಅಲೆದು, ಅಮೇರಿಕಾದಲ್ಲಿ ಪಾಠ ಹೇಳಿ, 1948ರಲ್ಲಿ ಹಿಂದಿರುಗಿದವರು. ಗಯಟೆಯ ಮೇಲಿನ ತಮ್ಮ ಉಪನ್ಯಾಸಮಾಲೆಯನ್ನು ಅವರು ಉತ್ಸವದ ಧಾಟಿಯಲ್ಲಿ ಪ್ರಾರಂಭಿಸಲಿಲ್ಲ. ಗಯಟೆಯ ಹೆಸರನ್ನು ಹೇಳಿಕೊಂಡು ನಾವು ನಿರಪರಾಧಿಗಳೆಂದು ತೋರಿಸಿಕೊಳ್ಳುವ ಹಾಗಿಲ್ಲ. ನಮಗೂ ಅವನ ವೈಮಾರ್ ನಗರಕ್ಕೂ ನಡುವೆ ಬುಖೆನ್‌ವಾಲ್ಡ್ ಇದೆ ಎಂಬ ಅರ್ಥದ ಮಾತನ್ನಾಡಿದರು. ಬುಖೆನ್‌ವಾಲ್ಡ್ ಎಂಬುದು ಸಾವಿರಾರು ಜನರನ್ನು ಕೊಂದ ಬಂದೀಶಿಬಿರ. ಅದಿದ್ದದ್ದು ಗಯಟೆಯ ಮನೆಯಿಂದ ಕೆಲವೇ ಮೈಲಿಗಳ ದೂರದ ಗುಡ್ಡದ ಮೇಲೆ. ಹಬ್ಬದ ದಿನ ಈ ಮಾತನ್ನು ಕೇಳಲು ಬಂದವರಿಗೆ ಹೇಗಾಯಿತೋ! ಆದರೆ ಗಯಟೆಗೆ ಆ ವರ್ಷ ಸಂದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದೆಂದು ನನ್ನ ಭಾವನೆ.

ಈಗ ನಾನು ನಿಮ್ಮನ್ನು ಮುಖ್ಯವಾಗಿ ಕರೆದೊಯ್ಯಬೇಕೆಂದಿರುವ ಸಭೆಗೆ ಬಂದೆ. ಸ್ಥಳ ಮತ್ತೆ ಫ್ರಾಂಕ್‌ಫರ್ಟ್. ಕಾಲ 1959ನೆಯ ನವೆಂಬರ್ ತಿಂಗಳು. ಅಲ್ಲಿನ ವಿಶ್ವವಿದ್ಯಾನಿಲಯ ಒಂದು ಹೊಸ ಏರ್ಪಾಡನ್ನು ಮಾಡಿತು. ಕಾವ್ಯಮೀಮಾಂಸೆಯ ಅತಿಥಿಪೀಠ ಎಂದು ಅದರ ಹೆಸರು. ವೆಚ್ಚವನ್ನು ಮೊದಲು ವಹಿಸಿಕೊಂಡದ್ದು ಫಿಷರ್ ಎಂಬ ಪ್ರಕಾಶನ ಸಂಸ್ಥೆ. ಕಾವ್ಯಮೀಮಾಂಸೆಯನ್ನು ಪ್ರಾಧ್ಯಾಪಕರು ಹೇಳುವುದು ಹೊಸದಲ್ಲ. ಇಲ್ಲಿ ಕರೆದದ್ದು ಬರೆಯುವವರನ್ನೇ. ನೀವು ಹೇಗೆ ಬರೆಯುತ್ತೀರಿ, ಏಕೆ ಬರೆಯುತ್ತೀರಿ, ಈ ಕಾಲದಲ್ಲಿ ಬರೆಯುವುದು ಹೇಗೆ ಸಾಧ್ಯ ಎಂಬುದನ್ನು ಒಂದು ಅವಧಿ ವಿದ್ಯಾರ್ಥಿಗಳೆದುರು ನಿಂತು ಹೇಳಿ ಎಂದು ಆಹ್ವಾನ. ನಮ್ಮ ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸಹೃದಯನ ಆಸನದಲ್ಲಿ ಕವಿಯನ್ನೇ ಕೂರಿಸಿದಂತೆ.

ಮೊದಲನೆಯ ಅತಿಥಿ ಇಂಗೆಬೋರ್ಗ್ ಬಾಖ್ಮನ್. ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್ ಎಂಬಲ್ಲಿ ಹುಟ್ಟಿದ ಕವಯಿತ್ರಿ. ಆಗ ವಯಸ್ಸು ಮೂವತ್ತಮೂರು. ವಿಯೆನ್ನಾದಲ್ಲಿ ತತ್ತ್ವಶಾಸ್ತ್ರದ ಡಾಕ್ಟರ್ ಪದವಿ ಪಡೆದವರು. ನಮ್ಮ ಕೇಳುಗರು ವಿಶೇಷವಾಗಿ ಸಂತೋಷಪಡಬೇಕಾದ ಸಂಗತಿಯೆಂದರೆ, ಆಕೆ ಒಂದು ಕಾಲದಲ್ಲಿ ಅನ್ನ ಸಂಪಾದಿಸಿದ್ದು ವಿಯೆನ್ನಾದ ಒಂದು ರೇಡಿಯೋ ನಿಲಯದಲ್ಲಿ, ನಾಟಕಗಳನ್ನೂ ಇತರ ಕಾರ್ಯಕ್ರಮಗಳನ್ನೂ ಬರೆದು. 1959ರಲ್ಲಿಯೇ ಆಕೆಯ ಒಂದು ರೇಡಿಯೋ ನಾಟಕಕ್ಕೆ ಬಹುಮಾನ ಬಂದಿತ್ತು. ಆ ಬಹುಮಾನವನ್ನು ಕೊಡುತ್ತಿದ್ದವರು ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಸಂಘದವರು. ಕಣ್ಣಿಲ್ಲದವರು ಕಿವಿಯಿಂದ ನೋಡಿದ ನಾಟಕಕ್ಕೆ ಕೊಟ್ಟ ಬಹುಮಾನಕ್ಕಿಂತ ನಂಬತಕ್ಕ ಬಹುಮಾನ ರೇಡಿಯೋ ಲೇಖಕರಿಗೆ ಇನ್ನಾವುದಿದೆ?

ಆಕೆ ಫೆಬ್ರುವರಿಯವರೆಗೆ ಐದು ಉಪನ್ಯಾಸಗಳನ್ನು ಮಾಡಿದರು. ಮೊದಲನೆಯದು ನಿಜವಾದ ಪ್ರಶ್ನೆಗಳು, ತೋರಿಕೆಯ ಪ್ರಶ್ನೆಗಳು ಎಂಬುದರ ಮೇಲೆ. ಆಮೇಲೆ ಕವಿತೆಗಳನ್ನು ಕುರಿತು, ಬರೆಯುವ ‘ನಾನು’ ಎಂಬುದನ್ನು ಕುರಿತು, ಪಾತ್ರಗಳ ಹೆಸರುಗಳನ್ನು ಕುರಿತು, ಕಡೆಗೆ ಸಾಹಿತ್ಯವು ಇನ್ನೂ ಬಾರದ ಲೋಕವೊಂದರ ಕಡೆಗೆ ಕೈತೋರುವುದನ್ನು ಕುರಿತು. ಹೆಸರುಗಳ ಮೇಲಿನ ಉಪನ್ಯಾಸ ನನಗೆ ಬಹಳ ಮೆಚ್ಚು. ಹಳೆಯ ಕಾದಂಬರಿಗಳ ನಾಯಕನಿಗೆ ಹೆಸರೆಂಬುದು ಮೈಮೇಲಿನ ಚರ್ಮದಂತೆ. ಕಾಫ್ಕಾನಲ್ಲಿ ಅದು ಒಂದೇ ಅಕ್ಷರಕ್ಕೆ ಇಳಿದುಹೋಗುತ್ತದೆ. ಅಮೇರಿಕಾದ ಫಾಕ್ನರನಲ್ಲಿ ಒಂದೇ ಹೆಸರನ್ನು ಇಬ್ಬರು ಹೊತ್ತಿರುತ್ತಾರೆ. ಪಾತ್ರಕ್ಕೆ ಹೆಸರು ಕೊಡುವ ಧೈರ್ಯ ಲೇಖಕರಲ್ಲಿ ಏಕೆ ಕುಂದಿತು ಎಂಬ ಪ್ರಶ್ನೆಯ ಹಿಂದೆ ಆ ಶತಮಾನದಲ್ಲಿ ಮನುಷ್ಯನಿಗೆ ಏನಾಯಿತು ಎಂಬ ಪ್ರಶ್ನೆ ಅಡಗಿದೆ. ಇಂಥ ವಿಚಾರವನ್ನು ಪ್ರಾಧ್ಯಾಪಕರು ಹೇಳಿದ್ದರೆ ನಾವು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು. ನಾಳೆ ಬೆಳಿಗ್ಗೆ ತಾನೇ ಒಂದು ಪಾತ್ರಕ್ಕೆ ಹೆಸರಿಡಬೇಕಾದವಳು ಹೇಳಿದಾಗ ಅದರ ತೂಕವೇ ಬೇರೆ.

ಎಲ್ಲರೂ ಮೆಚ್ಚಿದರೆಂದು ಹೇಳಲಾರೆ. ಆಕೆಗೇ ತನ್ನ ಉಪನ್ಯಾಸಗಳು ತೃಪ್ತಿ ಕೊಡಲಿಲ್ಲ. ಅವು ಪುಸ್ತಕವಾದದ್ದು ಆಕೆ 1973ರಲ್ಲಿ ರೋಮಿನಲ್ಲಿ ತೀರಿಕೊಂಡ ಮೇಲೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ವಿಶ್ವವಿದ್ಯಾನಿಲಯದ ತತ್ತ್ವಜ್ಞಾನಿ ಆಡೋರ್ನೋ ಅವರು, ಆಷ್‌ವಿಟ್ಸ್ ಶಿಬಿರದಲ್ಲಿ ನಡೆದುದರ ತರುವಾಯ ಕವಿತೆ ಬರೆಯುವುದು ಅನಾಗರಿಕವೆಂಬ ಅಭಿಪ್ರಾಯವನ್ನು 1951ರಲ್ಲಿ ಪ್ರಕಟಿಸಿದ್ದರು. ಆ ಅಭಿಪ್ರಾಯ ಹೊರಟ ಊರಿನಲ್ಲಿಯೇ ಒಬ್ಬ ಕವಯಿತ್ರಿ ಎದ್ದು ನಿಂತು ಕವಿತೆಯನ್ನು ಕುರಿತು ಮಾತನಾಡಿದಳು. ಅದು ವಾದವಲ್ಲ, ಪ್ರತಿವಾದವೂ ಅಲ್ಲ. ಆದರೆ ಒಂದು ಉತ್ತರ.

1964ರ ಬೇಸಿಗೆಯಲ್ಲಿ ಹೈನ್ರಿಖ್ ಬೋಲ್ ಅದೇ ಪೀಠದಿಂದ ಮಾತನಾಡಿದರು. ಆಗ ಊರಿನಲ್ಲಿ ಆಷ್‌ವಿಟ್ಸಿನ ಅಪರಾಧಿಗಳ ಮೊಕದ್ದಮೆ ನಡೆಯುತ್ತಿತ್ತು. ಅದು 1963ರ ಡಿಸೆಂಬರಿನಲ್ಲಿ ಪ್ರಾರಂಭವಾದದ್ದು ಗ್ರಿಮ್ಮರು ಅಧ್ಯಕ್ಷತೆ ವಹಿಸಿದ್ದ ಆ ಹಳೆಯ ಪುರಭವನದಲ್ಲಿಯೇ, ಇನ್ನೊಂದು ಸಭಾಂಗಣದಲ್ಲಿ. ಒಂದೇ ಛಾವಣಿ ಏನೆಲ್ಲ ಕೇಳಬೇಕಾಯಿತು!

ಹೊರಗೆ ನ್ಯಾಯಸ್ಥಾನ ಹೀಗೆ ವಿಚಾರಿಸುತ್ತಿರುವಾಗ ವಿಭಾಗಗಳು ತಮ್ಮ ವಿಚಾರಣೆಯನ್ನು ಎಷ್ಟು ದಿನ ಮುಂದೂಡಿಯಾವು? 1966ರ ಅಕ್ಟೋಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಜರ್ಮನಿಸ್ಟರ ಸಮ್ಮೇಳನ ಸೇರಿತು. ಅಲ್ಲಿ ಎಬರ್‌ಹಾರ್ಟ್ ಲೆಮ್ಮರ್ಟ್, ಕಾರ್ಲ್ ಒಟ್ಟೋ ಕೊನ್‌ರಾಡಿ ಮೊದಲಾದವರು ಎದ್ದು, ನಮ್ಮ ಶಾಸ್ತ್ರವೇ ಆ ಕತ್ತಲೆಗೆ ಎಣ್ಣೆ ಹೊಯ್ದದ್ದು ಹೇಗೆ, ನಮ್ಮ ಗುರುಗಳೇ ಬರೆದ ಮಾತುಗಳು ಯಾವುವು ಎಂದು ಗ್ರಂಥಗಳನ್ನು ತೆರೆದು ತೋರಿಸಿದರು. ಆ ಗುರುಗಳಲ್ಲಿ ಹಲವರು ಇನ್ನೂ ಪೀಠಗಳಲ್ಲಿದ್ದರು, ಇಲ್ಲವೇ ಗೌರವದಿಂದ ನಿವೃತ್ತರಾಗಿದ್ದರು. 1933ರಲ್ಲಿ ಬೆಂಕಿಯ ಮುಂದೆ ಮಾತನಾಡಿದ ಫ್ರಿಕೆಯವರೂ ಯುದ್ಧವಾದ ಮೇಲೆ ಮತ್ತೆ ಪ್ರಾಧ್ಯಾಪಕರಾಗಿದ್ದರು. ಶಿಷ್ಯನು ಗುರುವಿನ ತಪ್ಪನ್ನು ತುಂಬಿದ ಸಭೆಯಲ್ಲಿ ಹೇಳುವುದು ನಮ್ಮ ಸಂಪ್ರದಾಯಕ್ಕೆ ಒಗ್ಗದ ಮಾತು. ಅಲ್ಲಿಯೂ ಅದು ಸುಲಭವಾಗಿರಲಿಲ್ಲ. ಆ ನಾಲ್ಕು ಉಪನ್ಯಾಸಗಳು ಮರುವರ್ಷ ಒಂದು ಚಿಕ್ಕ ಪುಸ್ತಕವಾಗಿ ಬಂದುವು.

ಅಷ್ಟಾದರೂ ಎಲ್ಲವೂ ಹೊರಬಿದ್ದಿರಲಿಲ್ಲ. ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಹಾನ್ಸ್ ಶ್ವೆರ್ಟೆ ಎಂಬ ಜರ್ಮನ್ ಪ್ರಾಧ್ಯಾಪಕರಿದ್ದರು. ಉದಾರ ಮನಸ್ಸಿನವರೆಂದು ಹೆಸರಾಗಿ, 1970ರಿಂದ 1973ರವರೆಗೆ ಅದರ ಕುಲಪತಿಗಳೂ ಆಗಿದ್ದರು. ಫೌಸ್ಟನ ಕಥೆಯನ್ನು ಜರ್ಮನರು ತಮ್ಮ ಗರ್ವಕ್ಕಾಗಿ ಹೇಗೆ ತಿರುಚಿಕೊಂಡರೆಂಬುದರ ಮೇಲೆ ಗ್ರಂಥವನ್ನೂ ಬರೆದಿದ್ದರು. 1995ರಲ್ಲಿ, ಡಚ್ ಪತ್ರಕರ್ತರ ಶೋಧನೆ ಸಮೀಪಿಸಿದಾಗ, ಸತ್ಯ ಹೊರಬಂದಿತು. ಅವರ ನಿಜನಾಮ ಹಾನ್ಸ್ ಎರ್ನ್‌ಸ್ಟ್ ಶ್ನೈಡರ್. ಯುದ್ಧಕಾಲದಲ್ಲಿ ನಾಟ್ಸಿಗಳ ಎಸ್. ಎಸ್. ಪಡೆಯ ಅಧಿಕಾರಿ. ಯುದ್ಧ ಮುಗಿದಾಗ ಹಳೆಯ ಮನುಷ್ಯನು ಸತ್ತನೆಂದು ದಾಖಲೆಯಾಯಿತು. ಹೊಸ ಹೆಸರಿನ ಮನುಷ್ಯನು ಅವನ ‘ವಿಧವೆ’ಯನ್ನು, ಎಂದರೆ ತನ್ನ ಹೆಂಡತಿಯನ್ನೇ, ಮತ್ತೆ ಮದುವೆಯಾದನು. ಹೆಸರುಗಳನ್ನು ಕುರಿತು ಬಾಖ್ಮನ್ ಆಡಿದ ಮಾತು ಇಲ್ಲಿ ನೆನಪಾಗದೆ ಇರದು. ಐವತ್ತು ವರ್ಷ ಪಾಠ, ಸಭೆ, ಸನ್ಮಾನಗಳಲ್ಲಿ ಕಳೆದ ಈ ಬಾಳು ಪಶ್ಚಾತ್ತಾಪವೋ, ವೇಷವೋ? ಅಲ್ಲಿನವರು ಇದನ್ನು ಬಹಳ ಚರ್ಚಿಸಿದರು. ನನಗೆ ತೋರುವುದು ಇಷ್ಟು: ಪಶ್ಚಾತ್ತಾಪವಾಗಿದ್ದರೆ ಅದಕ್ಕೆ ಒಂದು ಸಭೆ ಬೇಕಾಗಿತ್ತು, ಅವರು ಆ ಸಭೆಯನ್ನು ಎಂದೂ ಕರೆಯಲಿಲ್ಲ.

ಫ್ರಾಂಕ್‌ಫರ್ಟಿನ ಪೀಠಕ್ಕೆ ಮರಳೋಣ. 1968ರ ವಿದ್ಯಾರ್ಥಿ ಚಳವಳಿಯ ಹೊತ್ತಿಗೆ ಅದು ನಿಂತುಹೋಗಿ, 1979ರಲ್ಲಿ ಉವೆ ಯೋನ್‌ಸೊನ್ ಎಂಬ ಕಾದಂಬರಿಕಾರರೊಡನೆ ಮತ್ತೆ ಪ್ರಾರಂಭವಾಯಿತು. 1982ರಲ್ಲಿ ಬಂದವರು ಕ್ರಿಸ್ಟಾ ವೋಲ್ಫ್. ಆಕೆ ಪೂರ್ವ ಜರ್ಮನಿಯ ಪ್ರಜೆ. ಗೋಡೆಯನ್ನು ದಾಟಿ ಬಂದು ಪಶ್ಚಿಮದ ವಿದ್ಯಾರ್ಥಿಗಳೆದುರು ನಿಂತರು. ಕಾವ್ಯಮೀಮಾಂಸೆ ಎಂಬುದು ತನ್ನ ಬಳಿ ಇಲ್ಲವೆಂದು ಹೇಳಿಕೊಂಡು, ಗ್ರೀಸ್ ದೇಶಕ್ಕೆ ತಾವು ಹೋಗಿಬಂದ ಪ್ರವಾಸದ ವೃತ್ತಾಂತ, ದಿನಚರಿ, ಒಂದು ಪತ್ರ ಎಂದು ನಾಲ್ಕು ಉಪನ್ಯಾಸಗಳನ್ನು ಕೊಟ್ಟರು. ಐದನೆಯದಾಗಿ ಕೊಟ್ಟದ್ದು ಕಥೆಯನ್ನೇ: ಟ್ರಾಯ್ ನಗರದ ನಾಶವನ್ನು ಮುಂಚೆಯೇ ಕಂಡು ಹೇಳಿದರೂ ಯಾರೂ ನಂಬದ ರಾಜಪುತ್ರಿ ಕಸಾಂಡ್ರಳ ಕಥೆ. ಎರಡು ಕಡೆಯೂ ಅಣ್ವಸ್ತ್ರಗಳನ್ನು ಪೇರಿಸಿಕೊಂಡು ಕುಳಿತಿದ್ದ ಆ ವರ್ಷಗಳಲ್ಲಿ ಅದು ಪುರಾಣದ ಕಥೆಯಾಗಿ ಯಾರಿಗೂ ಕೇಳಿಸಲಿಲ್ಲ. ಮರುವರ್ಷ ಪೂರ್ವದಲ್ಲಿ ಪುಸ್ತಕ ಅಚ್ಚಾದಾಗ ಅಲ್ಲಿನ ಅಧಿಕಾರಿಗಳು ಕೆಲವು ವಾಕ್ಯಗಳನ್ನು ತೆಗೆಸಿದರು. ತೆಗೆಸಿದ ಕಡೆ ಚುಕ್ಕೆಗಳು ಉಳಿದುವು. ಓದುವವರಿಗೆ ಅಷ್ಟೇ ಸಾಕಾಯಿತು.

1990ರ ಫೆಬ್ರುವರಿಯಲ್ಲಿ ಗ್ಯೂಂಟರ್ ಗ್ರಾಸ್ ಅಲ್ಲಿ ಆಷ್‌ವಿಟ್ಸಿನ ತರ್ವಾಯದ ಬರವಣಿಗೆಯನ್ನು ಕುರಿತು ಮಾತನಾಡಿದರು. ಗೋಡೆ ಬಿದ್ದು ಮೂರು ತಿಂಗಳಾಗಿತ್ತು; ದೇಶವೆಲ್ಲ ಒಂದಾಗುವ ಸಂಭ್ರಮದಲ್ಲಿತ್ತು. ಈ ಅವಸರ ಬೇಡವೆಂದು ಅವರು ಹೇಳಿದರು. ಜನ ಆ ಮಾತನ್ನು ಒಪ್ಪಲಿಲ್ಲ, ಅಕ್ಟೋಬರಿನಲ್ಲಿ ದೇಶ ಒಂದಾಯಿತು. ಒಪ್ಪದ ಮಾತನ್ನು ಹೇಳುವುದಕ್ಕೆ ಒಂದು ಮೇಜು, ಕೇಳುವುದಕ್ಕೆ ಒಂದು ಸಭೆ ಇದ್ದಿತೆಂಬುದು ಮುಖ್ಯ.

2001ರಲ್ಲಿ ಆ ವಿಶ್ವವಿದ್ಯಾನಿಲಯದ ಸಾಹಿತ್ಯ ವಿಭಾಗಗಳು ನಗರದ ಪಶ್ಚಿಮ ಭಾಗದ ಒಂದು ಭಾರಿ ಕಟ್ಟಡಕ್ಕೆ ಸ್ಥಳ ಬದಲಾಯಿಸಿದುವು. ಪೋಲ್ಸಿಗ್ ಎಂಬ ಶಿಲ್ಪಿ ರೂಪಿಸಿದ, 1930ರ ಸುಮಾರಿಗೆ ಪೂರೈಸಿದ ಕಟ್ಟಡ ಅದು. ಮೊದಲು ಅದು ಐ. ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪೆನಿಯ ಕೇಂದ್ರ ಕಚೇರಿಯಾಗಿತ್ತು. ಆಷ್‌ವಿಟ್ಸಿನ ಪಕ್ಕದಲ್ಲಿ ಬಂದಿಗಳಿಂದ ದುಡಿಸಿಕೊಂಡ ಕಂಪೆನಿ ಅದು. ಯುದ್ಧದ ಮೇಲೆ ಅಮೇರಿಕಾದ ಸೈನ್ಯ ಅಲ್ಲಿದ್ದಿತು. ಈಗ ಅಲ್ಲಿ ಜರ್ಮನ್ ಸಾಹಿತ್ಯದ ತರಗತಿಗಳು ನಡೆಯುತ್ತವೆ. ಆವರಣದ ಮರಗಳ ನಡುವೆ, ದುಡಿದು ಸತ್ತವರ ಮತ್ತು ಬದುಕಿ ಉಳಿದವರ ನೆನಪಿಗಾಗಿ ಭಾವಚಿತ್ರಗಳ ಫಲಕಗಳನ್ನು ನಿಲ್ಲಿಸಿದ್ದಾರೆ. ಉಪನ್ಯಾಸಕ್ಕೆ ಹೋಗುವ ವಿದ್ಯಾರ್ಥಿಗಳು ಅವುಗಳನ್ನು ಹಾದು ಹೋಗಬೇಕು.

ಕಾವ್ಯಮೀಮಾಂಸೆಯ ಉಪನ್ಯಾಸಗಳು ಇಂದಿಗೂ ಆ ಆವರಣದಲ್ಲಿ ನಡೆಯುತ್ತಿವೆ. ಟ್ಯೂಬಿಂಗೆನ್ ಮೊದಲಾದ ಬೇರೆ ಕಡೆಗಳಲ್ಲಿಯೂ ಇದೇ ಮಾದರಿಯ ಪೀಠಗಳು ಹುಟ್ಟಿಕೊಂಡಿವೆ. ಪ್ರವೇಶಧನವಿಲ್ಲ. ವಿದ್ಯಾರ್ಥಿಗಳ ಜೊತೆಗೆ ಊರಿನ ಮುದುಕರು, ಪುಸ್ತಕದಂಗಡಿಯವರು, ಕೆಲಸ ಬಿಟ್ಟ ಗುಮಾಸ್ತರು ಬರುತ್ತಾರೆ. ಹಾಜರಿ ಯಾರೂ ಹಾಕುವುದಿಲ್ಲ. ಸ್ಥಳ ಸಾಲದೆ ಹೋದರೆ ಮೆಟ್ಟಲುಗಳ ಮೇಲೆ ಕುಳಿತುಕೊಳ್ಳುತ್ತಾರೆ. ಅವರಿಗೆ ಕುಟ್ಟಲು ಮೇಜಿಲ್ಲವಾದುದರಿಂದ, ಕೊನೆಯಲ್ಲಿ ಪಕ್ಕದ ಮರದ ಗೋಡೆಯನ್ನೋ ಕೈಯಲ್ಲಿರುವ ಪುಸ್ತಕವನ್ನೋ ಕುಟ್ಟಬೇಕಷ್ಟೆ.

ನನಗೆ ಕೊಟ್ಟ ಹೊತ್ತು ಮುಗಿಯಿತು. ಇಲ್ಲಿ ‘ಸಿ. ಟಿ.’ಯ ಸೌಕರ್ಯವಿಲ್ಲ.